ಮುಖ ತಿರುಗಿಸಿ ಹೊಯ್ದ ನೀರು

“ಗುರುಗಳೇ, ನಾನು ಕೋಪ ಬಿಟ್ಟೆ, ಹಾಸಿಗೆ ಬಿಟ್ಟೆ, ರುಚಿಯಾದ ಊಟ ಬಿಟ್ಟೆ. ಮನೆಯನ್ನೇ ಬಿಟ್ಟು ಬಂದೆ, ಅದಕ್ಕಿಂತ ದೊಡ್ಡ ತ್ಯಾಗ ಏನಿದೆ? ಆದರೂ ಸಂಜೆಯಾದರೆ ಎದೆಯೊಳಗೆ ಒಂದು ಭಯ ಏಳುತ್ತದೆ. ಮನಸ್ಸಿನ ಮೂಲೆ ಮೂಲೆ ಹುಡುಕಿದ್ದೇನೆ. ಅದು ಎಲ್ಲಿಂದ ಬರುತ್ತದೆ?” ಎಂದು ಶಿಷ್ಯ ಕೇಳಿದ.

ಕೇಳುತ್ತಿರುವಾಗಲೇ ಮೊಣಕಾಲಿನ ಮೇಲೆ ಕೂತ ಸೊಳ್ಳೆಯನ್ನು ಪಟ್ಟನೆ ಹೊಡೆದ. ಗುರುಗಳಿಗೆ ನಗು ಬಂತು. “ಕೋಪ ಬಿಟ್ಟವನ ಕೈ ಬಹಳ ಚುರುಕಾಗಿದೆಯಪ್ಪ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಅವಳು ಚೊಚ್ಚಲ ಬಸುರಿಯಾಗಿ, ಏಳು ತಿಂಗಳು ತುಂಬಿದ ಮೇಲೆ, ಹೆರಿಗೆಗೆಂದು ತವರಿಗೆ ಬಂದಳು.

ಮಗಳು ಬಂದದ್ದು ಸಂತೋಷವೇ. ಆದರೆ ಅಂದಿನಿಂದ ಕುಂಬಾರನಿಗೆ ನೆಮ್ಮದಿ ಹೋಯಿತು. ಹಿಂದಿನ ವರ್ಷ ಅದೇ ಓಣಿಯಲ್ಲಿ ಇಬ್ಬರು ಬಸುರಿಯರು ಚಳಿಜ್ವರದಿಂದ ಸತ್ತಿದ್ದರು. ಅದು ಸೊಳ್ಳೆ ಕಚ್ಚಿ ಬರುವ ಜ್ವರ, ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ ಎಂದು ವೈದ್ಯ ಹೇಳಿಹೋಗಿದ್ದ. ಕುಂಬಾರನ ಅಂಗಳವೆಂದರೆ ಕೇಳಬೇಕೆ? ಎತ್ತ ನೋಡಿದರೂ ಬಾಯಿ ತೆರೆದುಕೊಂಡ ಪಾತ್ರೆಗಳೇ.

ಅವನು ಟೊಂಕ ಕಟ್ಟಿ ನಿಂತ. ಮಣ್ಣು ನೆನೆಹಾಕುವ ಗುಂಡಿಯ ನೀರನ್ನು ಮೊಗೆದು ಚೆಲ್ಲಿ, ಮಡಕೆ ಮಾಡುವ ತಿಗರಿಯ ಕೆಲಸವನ್ನೇ ನಿಲ್ಲಿಸಿದ. ಮಾರಾಟಕ್ಕೆ ಇಟ್ಟದ್ದು, ಬಿರುಕು ಬಿಟ್ಟು ಮೂಲೆ ಸೇರಿದ್ದು, ಎಲ್ಲ ಮಡಕೆ ಕುಡಿಕೆಗಳನ್ನೂ ಬೋರಲು ಹಾಕಿದ. ಮಡಕೆ ಸುಡುವ ಆವಿಗೆಯ ಹಿಂದೆ ಬಿದ್ದಿದ್ದ ಮಡಕೆ ಚೂರುಗಳನ್ನು ಆರಿಸಿ, ಒಂದು ಬೊಗಸೆ ಮಳೆನೀರು ನಿಲ್ಲಬಹುದಾದ ಚೂರನ್ನೂ ಕುಟ್ಟಿ ಪುಡಿ ಮಾಡಿದ. ಬೇಲಿಯ ಹುಲ್ಲು ಕೊಯ್ದ. ಆ ಹುಲ್ಲಿನಿಂದ ಅವನ ಮಣ್ಣು ಹೊರುವ ಕತ್ತೆಗೆ ಉಣ್ಣಿ ಹತ್ತಿತ್ತು. ಅದರ ಕಿವಿಯೊಳಗೆ, ತೊಡೆಸಂದಿಯಲ್ಲಿ ಕಚ್ಚಿಕೊಂಡ ಉಣ್ಣಿಗಳನ್ನು ದಿನವೂ ಕಿತ್ತು ಕೆಂಡಕ್ಕೆ ಹಾಕಿದ. ವೈದ್ಯ ಉಣ್ಣಿಯ ಮಾತು ಎತ್ತಿರಲಿಲ್ಲ. ಆದರೆ ಹೆದರಿದವನಿಗೆ ಎಲ್ಲವೂ ಶತ್ರುವೇ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಮಗಳು ಕೆಮ್ಮಿ ಕೆಮ್ಮಿ ಸಾಕಾಯಿತು ಅನ್ನುವವರೆಗೂ ಬಾಗಿಲು ತೆರೆಯುತ್ತಿರಲಿಲ್ಲ.

ಆದರೂ ದೀಪ ಹಚ್ಚುವ ಹೊತ್ತಿಗೆ ಸೊಳ್ಳೆ ಬರುತ್ತಿತ್ತು. ಮಗಳ ತೋಳಿನ ಮೇಲೆ ಹೊಸ ಗಂಧೆ ಕಂಡರೆ ಕುಂಬಾರ ಮತ್ತೆ ಇಡೀ ಅಂಗಳ ಹುಡುಕುತ್ತಿದ್ದ. ಪಕ್ಕದ ಮನೆಯ ಗಾಣಿಗನ ಕೊಟ್ಟಿಗೆಯಿಂದಲೇ ಬರುತ್ತದೆ ಎಂದು ಜಗಳಕ್ಕೆ ಹೋದ. ಗಾಣಿಗ ಕೊಟ್ಟಿಗೆಯ ಬಾಗಿಲು ತೆಗೆದು ತೋರಿಸಿದ. ನೆಲ ಒಣಗಿತ್ತು, ಗಂಜಲದ ಕಾಲುವೆಗೆ ಬೂದಿ ಹಾಕಿತ್ತು. ಕುಂಬಾರ ನಾಚಿಕೊಂಡು ಹಿಂದಿರುಗಿದ. ನಾಚಿಕೆಗಿಂತ ಭಯ ಹೆಚ್ಚಾಯಿತು. ಶತ್ರು ಪಕ್ಕದ ಮನೆಯಲ್ಲಿ ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನ ಅಂಗಳದ ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಒಂದು ಕೊಡ. ಅದು ಅವನ ತಂದೆ ಸಾಯುವ ಮೊದಲು ತಿಗರಿಯಿಂದ ಇಳಿಸಿದ ಕೊನೆಯ ಕೊಡ. ಅದು ಬರಿದಾಗಬಾರದು ಎಂಬುದು ಆ ಮನೆಯ ನೇಮ. ಸತ್ತ ಹಿರಿಯರು ಬಾಯಾರಿ ಬಂದಾಗ ಮುಚ್ಚಳ ತೆಗೆದುಕೊಡುವವರು ಯಾರು ಎಂದು ಅದಕ್ಕೆ ಮುಚ್ಚಳವನ್ನೂ ಹಾಕುತ್ತಿರಲಿಲ್ಲ. ಹಿರಿಯರ ನೀರಿನಲ್ಲಿ ಬದುಕಿರುವವರ ನೆರಳು ಬೀಳಬಾರದು. ಆದ್ದರಿಂದ ಸೋಮವಾರಕ್ಕೊಮ್ಮೆ ಕುಂಬಾರ ಮಿಂದು ಬಂದು, ಮುಖವನ್ನು ಆಚೆಗೆ ತಿರುಗಿಸಿ, ಒಂದು ಚೊಂಬು ನೀರು ಹೊಯ್ದು, ಕೈಮುಗಿದು ಹೋಗುತ್ತಿದ್ದ. ಈಗ ಮಗಳಿಗಾಗಿ ದಿನವೂ ಹೊಯ್ಯತೊಡಗಿದ್ದ.

ಒಂಬತ್ತನೆಯ ತಿಂಗಳಲ್ಲಿ ಮಗಳಿಗೆ ಚಳಿ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಕುಂಬಾರ ವೈದ್ಯನಿಗೆ ಹೇಳಿಕಳಿಸಿ, ತಾನೇ ಓಡಿಹೋಗಿ ಸೂಲಗಿತ್ತಿಯನ್ನು ಕರೆತಂದ. ಅವಳು ಹೊಟ್ಟೆ ಮುಟ್ಟಿ ನೋಡಿದಳು. ಹೊರಗೆ ಬಂದು ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಕಟ್ಟೆಯ ಹತ್ತಿರ ನಿಂತಳು.

“ಇದರೊಳಗೆ ನೋಡಿದೀಯೇನಪ್ಪಾ?”

“ಅದು ನಮ್ಮಪ್ಪನ ಕೊಡ ಕಣವ್ವಾ. ಅದರೊಳಗೆ ನಮ್ಮನೇರು ಯಾರೂ ಇಣುಕಲ್ಲ.”

“ನನಗೇನೂ ಅವನು ಅಪ್ಪನಲ್ಲವಲ್ಲ” ಎಂದು ಸೂಲಗಿತ್ತಿ ಬಗ್ಗಿ ನೋಡಿದಳು. ನೋಡಿ ಕೊಡಕ್ಕೆ ಕೈ ಹಾಕಿದಳು.

ಕುಂಬಾರ ಅಡ್ಡ ಬಂದ. ಇಷ್ಟು ವರ್ಷ ತುಂಬಿಟ್ಟ ನೀರು. ಚೆಲ್ಲಿದರೆ ಅಪ್ಪ ಬಾಯಾರುತ್ತಾನೆ, ಅಪ್ಪ ಮುನಿದರೆ ಮಗಳನ್ನು ಕಾಯುವವರು ಯಾರು? ಒಳಗಿನಿಂದ ಮಗಳು ನರಳಿದಳು. ಸೂಲಗಿತ್ತಿ ಕೈ ತೆಗೆದು ಪಕ್ಕಕ್ಕೆ ಸರಿದಳು. “ಹಂಗಾದ್ರೆ ನೀನೇ ನೋಡು” ಎಂದಳು.

ಕುಂಬಾರ ಬಗ್ಗಿದ. ಅಪ್ಪ ಸತ್ತ ಮೇಲೆ ಅದರೊಳಗೆ ಅವನು ಕಣ್ಣು ಹಾಯಿಸಿದ್ದು ಅದೇ ಮೊದಲು. ನೀರಿನ ತುಂಬ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಅವನ ನೆರಳು ಬಿದ್ದೊಡನೆ ಎಲ್ಲವೂ ತಳಕ್ಕೆ ಇಳಿದವು. ಅವನು ಎರಡೂ ಕೈಯಿಂದ ಕೊಡವನ್ನು ಎತ್ತಿ ಉರಿಬಿಸಿಲಿನ ನೆಲಕ್ಕೆ ಸುರಿದ. ಸುರಿದು ಅಲ್ಲೇ ಕುಸಿದು ಕೂತು ಅತ್ತ.

ವೈದ್ಯ ಬಂದು ಔಷಧ ಕೊಟ್ಟ. ಮೂರನೆಯ ದಿನ ಹೆರಿಗೆಯಾಯಿತು. ಮಗಳು ಉಳಿದಳು. ಮಗು ಉಳಿಯಲಿಲ್ಲ.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಂಗಳದ ಚೂರು ಚೂರನ್ನೂ ಹುಡುಕಿದವನು, ಕೈಮುಗಿಯುವ ಕೊಡದೊಳಗೆ ಒಂದು ಸಲ ಇಣುಕಬಾರದಿತ್ತೇ? ಎಂಥ ಮೂಢ, ಗುರುಗಳೇ!” ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು.

“ದೊಡ್ಡ ತ್ಯಾಗ ಅಂದೆಯಲ್ಲ, ನೀನು ಮನೆ ಬಿಟ್ಟು ಹೊರಟ ದಿನ ಹಿಂದಿನಿಂದ ನಿನ್ನನ್ನು ಅಳುತ್ತಾ ಕೂಗಿದವರು ಯಾರು?”

ಶಿಷ್ಯ ಮುಖವನ್ನು ಆಚೆಗೆ ತಿರುಗಿಸಿದ.