ನರಿಯ ಪಟ ಹಿಡಿದ ಮೊಲ

ಒಂದು ಕಾಡಿತ್ತು. ಕಾಡು ಮುಗಿಯುವಲ್ಲಿ ಅಗಲವಾದ ಹೊಳೆ, ಹೊಳೆ ಮುಗಿಯುವಲ್ಲಿ ಸಮುದ್ರ. ಹೊಳೆಯ ನಡುವೆ ಒಂದು ಕುದುರು, ಅಂದರೆ ಪುಟ್ಟ ನಡುಗಡ್ಡೆ. ಬೇಸಿಗೆಯಲ್ಲಿ ನೀರಿಳಿದು ಮರಳದಿಬ್ಬ ಮೇಲೆದ್ದಾಗ ಪ್ರಾಣಿಗಳು ಕುದುರಿಗೆ ನಡೆದೇ ಹೋಗಿ ಬರುತ್ತಿದ್ದವು. ಮಳೆಗಾಲ ಬಂದರೆ ದಿಬ್ಬ ಮುಳುಗುತ್ತಿತ್ತು. ಆಮೇಲೆ ಗಾಳಿಯೇ ಗತಿ.

ಗಾಳಿಯಲ್ಲಿ ಹೊಳೆ ದಾಟುವುದು ಹೇಗೆ ಅಂತೀರಾ? ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹೆಣೆದು ಅವು ಪಟ ಮಾಡುತ್ತಿದ್ದವು. ಪಟಕ್ಕೊಂದು ಉದ್ದನೆಯ ಬಳ್ಳಿ. ಬಳ್ಳಿಯ ತುದಿ ಸೊಂಟಕ್ಕೆ. ಕಾಲ ಕೆಳಗೆ ಒಂದು ಮರದ ತೊಗಟೆ. ಗಾಳಿ ಪಟವನ್ನು ಎಳೆಯುತ್ತಿತ್ತು, ಪಟ ಪ್ರಾಣಿಯನ್ನು ಎಳೆಯುತ್ತಿತ್ತು, ತೊಗಟೆ ನೀರಿನ ಮೇಲೆ ಸರ್ರನೆ ಜಾರುತ್ತಿತ್ತು. ನೋಡುವುದಕ್ಕೆ ಬಲು ಸೊಗಸು. ಕಲಿಯುವುದು ಮಾತ್ರ ಅಷ್ಟು ಸುಲಭವಲ್ಲ.

ಕಲಿಸುತ್ತಿದ್ದವಳು ಬೂದಜ್ಜಿ ಎಂಬ ಮುದಿ ಮುಸುವ, ಅಂದರೆ ಕಪ್ಪು ಮೋರೆಯ ಕೋತಿ. ಬೂದಜ್ಜಿಯ ಕಣ್ಣು ಮಂಜಾಗಿತ್ತು, ಕೈ ಮಾತ್ರ ಚುರುಕಾಗಿತ್ತು. ದಡದ ಹೊನ್ನೆಮರದಲ್ಲಿ ತಗ್ಗಾಗಿ ಚಾಚಿದ ಒಂದು ಕೊಂಬೆ ಇತ್ತು. ಅದರ ಪಕ್ಕದಲ್ಲಿ ಅಜ್ಜಿ ಒಂದು ಗೂಟ ನೆಟ್ಟು ಮೇಲಿಂದ ಕೆಳಕ್ಕೆ ಮೂರು ಕಚ್ಚು ಕೊರೆದಿದ್ದಳು. ಕಲಿಯಲು ಬಂದವರು ಕೊಂಬೆಯ ತುದಿಯಲ್ಲಿ ಕೂರಬೇಕು. ಕೊಂಬೆ ಎಷ್ಟು ಬಾಗಿತೆಂದು ಅಜ್ಜಿ ಕೈಯಲ್ಲಿ ಮುಟ್ಟಿ ನೋಡುತ್ತಿದ್ದಳು. ಮೇಲಿನ ಕಚ್ಚಿಗೆ ಬಂದರೆ ಸಣ್ಣ ಪಟ. ಅದಕ್ಕೆ ಮೊಲದ ಪಟ ಎಂದು ಹೆಸರು. ನಡುವಿನ ಕಚ್ಚಿಗೆ ನರಿಯ ಪಟ. ಕೆಳಗಿನ ಕಚ್ಚಿಗೆ ಹಂದಿಯ ಪಟ.

"ಇದು ಮೆಲ್ಲಗಿನ ಗಾಳಿಯ ಲೆಕ್ಕ," ಎನ್ನುತ್ತಿದ್ದಳು ಅಜ್ಜಿ. "ಗಾಳಿ ಜೋರಾದ್ರೆ ಎಲ್ಲರೂ ಒಂದು ಅಳತೆ ಸಣ್ಣ ಪಟ ಹಿಡೀಬೇಕು. ನೀರಿನ ಮೇಲೆ ಬಿಳಿ ನೊರೆ ಎದ್ದರೆ ಕಲಿಯೋರು ನೀರಿಗೇ ಇಳಿಯೋ ಹಾಗಿಲ್ಲ."

ಆ ಮರಳಿನ ದಡದಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು. ಅಲ್ಲಿ ಯಾರೂ ಯಾರನ್ನೂ ಬೇಟೆಯಾಡುವಂತಿರಲಿಲ್ಲ. ಮರಳು ಮುಗಿದು ಕರಿಬಂಡೆಗಳು ಶುರುವಾಗುವ ತನಕ ಎಲ್ಲರೂ ನೆಂಟರೇ. ಬಂಡೆಯಾಚೆ ಅವರವರ ಹಣೆಬರಹ.

ಆ ವರ್ಷ ಕಲಿಯಲು ಬಂದವರಲ್ಲಿ ಹವಳಿ ಎಂಬ ಎಳೆಯ ಮೊಲವೂ ಒಬ್ಬಳು. ಅವಳಿಗೆ ಆಟದ ಚಪಲವಿರಲಿಲ್ಲ. ಅವಳ ಅಮ್ಮ ಕುದುರಿನಲ್ಲಿ ಸಿಕ್ಕಿಬಿದ್ದಿದ್ದಳು. ಎಳೆಯ ಗರಿಕೆ ತರುತ್ತೇನೆಂದು ದಿಬ್ಬದ ಮೇಲೆ ಹೋದವಳು, ಮಳೆ ಏಕಾಏಕಿ ಸುರಿದು ಅಲ್ಲೇ ಉಳಿದುಬಿಟ್ಟಳು. ಪಟ ಹಿಡಿದು ದಾಟುವುದು ಅವಳಿಗೆ ಬಾರದು. ದಿನಾ ಸಂಜೆ ಅಮ್ಮ ಕುದುರಿನ ಅಂಚಿಗೆ ಬಂದು ಎರಡು ಕಿವಿ ಎತ್ತಿ ನಿಲ್ಲುತ್ತಿದ್ದಳು. ಹವಳಿಯೂ ಈಚೆ ದಡದಲ್ಲಿ ಕಿವಿ ಎತ್ತಿ ನಿಲ್ಲುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರವಿಲ್ಲ, ಕಾಣದಿರುವಷ್ಟು ದೂರವೂ ಇಲ್ಲ. ಅದೇ ದೊಡ್ಡ ಸಂಕಟ.

ಹವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಿಂಗಾಲಿನಲ್ಲಿ ಮರಳನ್ನು ಟಪಟಪ ಬಡಿಯುತ್ತಲೇ ಇರುತ್ತಿದ್ದಳು. ಕೊಂಬೆ ಅವಳಿಗೆ ಮೇಲಿನ ಕಚ್ಚಿಗೇ ಬಂತು. ಅಜ್ಜಿ ಸಣ್ಣ ಪಟ ಕೊಟ್ಟು ಒಣ ಮರಳಿನ ಮೇಲೆ ಆಡಿಸಲು ಹೇಳಿದಳು.

"ನೀರಿಗೆ ಯಾವಾಗ ಅಜ್ಜಿ?"

"ಮೊದಲು ಪಟ ನಿನ್ನ ಮಾತು ಕೇಳಲಿ."

"ಇವತ್ತು ಕೇಳ್ತಿದೆಯಲ್ಲ!"

"ಇವತ್ತು ಗಾಳಿ ಒಳ್ಳೇದಿದೆ, ಅದಕ್ಕೆ. ಸೊಂಟದ ಕಡ್ಡಿ ಎಲ್ಲಿದೆ ತೋರಿಸು, ನೋಡೋಣ."

ಬಳ್ಳಿಯನ್ನು ಸೊಂಟದ ಕುಣಿಕೆಗೆ ಒಂದು ಕಡ್ಡಿಯಿಂದ ಸಿಕ್ಕಿಸುವುದು ಅಜ್ಜಿಯ ಪದ್ಧತಿ. ಅಪಾಯ ಬಂತೋ, ಕಡ್ಡಿ ಎಳೆ. ಬಳ್ಳಿ ಕಳಚಿ ಪಟ ಬೇರೆ, ನೀನು ಬೇರೆ. ಅಜ್ಜಿ ಇದನ್ನು ಕಣ್ಣು ಮುಚ್ಚಿಸಿ, ಮಲಗಿಸಿ, ತಲೆಕೆಳಗು ಮಾಡಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಹವಳಿಗೆ ಬೇಸರ ಬಂದುಹೋಯಿತು. ಕಡ್ಡಿ ಎಳೆಯುವುದನ್ನೇ ಕಲಿಯುತ್ತಾ ಕೂತರೆ ಅಮ್ಮನ ಹತ್ತಿರ ಹೋಗುವುದು ಯಾವಾಗ?

ಇದನ್ನೆಲ್ಲ ಒಬ್ಬ ನೋಡುತ್ತಿದ್ದ. ಅವನು ಸೋಗಣ್ಣ ಎಂಬ ನರಿ. ಮಾತು ಬೆಣ್ಣೆ, ಹೊಟ್ಟೆ ಮಾತ್ರ ತಳವಿಲ್ಲದ ಬಾವಿ. ಗಾಳಿ ಬೀಸುವುದು ಕರಿಬಂಡೆಗಳ ಕಡೆಗೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಟ ಕೈ ಮೀರಿದವರು ಹೋಗಿ ಬೀಳುವುದು ಅಲ್ಲೇ ಎಂದೂ ಗೊತ್ತಿತ್ತು. ಅಲ್ಲಿ ದಡದ ಕಟ್ಟುಪಾಡು ನಡೆಯುವುದಿಲ್ಲವಲ್ಲ!

ಒಂದು ಬೆಳಗ್ಗೆ ಸೋಗಣ್ಣ ಹವಳಿಯ ಪಕ್ಕದಲ್ಲಿ ಬಂದು ಕೂತ.

"ಯಾಕಮ್ಮ, ಮುಖ ಬಾಡಿಹೋಗಿದೆ?"

"ಅಮ್ಮನ ಹತ್ತಿರ ಹೋಗಬೇಕು ಮಾವ. ಅಜ್ಜಿ ಬಿಡ್ತಾ ಇಲ್ಲ."

"ಬಿಟ್ಟರೂ ಆ ಅಂಗೈಯಷ್ಟು ಪಟದಲ್ಲಿ ನೀನು ತಲುಪೋದು ಮುಂದಿನ ಬೇಸಿಗೆಗೆ!" ಸೋಗಣ್ಣ ನಿಟ್ಟುಸಿರಿಟ್ಟ. "ನನ್ನ ಅಳತೆಯ ಪಟ ಕಟ್ಟಿಕೋ. ಕಣ್ಣು ಮುಚ್ಚಿ ತೆಗೆಯೋದರೊಳಗೆ ಅಮ್ಮನ ಮುಂದೆ ಇರ್ತೀಯ."

"ಕೊಂಬೆ ನನಗೆ ಮೇಲಿನ ಕಚ್ಚಿಗೇ ಬರೋದು ಮಾವ."

"ಬರೋದು ಬರದೇ ಇರೋದು ನಮ್ಮ ಕೈಲೇ ಇದೆ. ಹಸಿ ಜೇಡಿಮಣ್ಣಲ್ಲಿ ಚೆನ್ನಾಗಿ ಹೊರಳಿಕೋ. ಕಂಬಳಿ ಹೊದ್ದ ಹಾಗೆ ಮೈಗೆ ಮೆತ್ತಿಕೋ. ಅಜ್ಜಿ ಮುಟ್ಟೋದು ಕೊಂಬೆನಾ, ನಿನ್ನ ಮೈನಾ?"

ಹವಳಿ ಹೊನ್ನೆಮರದ ಕಡೆ ನೋಡಿದಳು. ತಪ್ಪು ಅನ್ನಿಸಿತು. ಅಷ್ಟರಲ್ಲಿ ಕಣ್ಣು ಕುದುರಿನ ಕಡೆ ಹೋಯಿತು.

"ಇನ್ನೊಂದು ಮಾತು," ಎಂದ ನರಿ. "ಆ ಕಡ್ಡಿ ಗಿಡ್ಡಿ ನಂಬಬೇಡ. ನಡುನೀರಲ್ಲಿ ಜಾರಿದ್ರೆ ಏನು ಗತಿ? ಬಳ್ಳಿಗೆ ಭದ್ರವಾಗಿ ಗಂಟು ಹಾಕು. ನಿನ್ನ ಮೇಲಿನ ಪ್ರೀತಿಗೆ ಹೇಳ್ತಿದೀನಿ."

ಪಾಪ, ಹವಳಿ ಆ ಪ್ರೀತಿಯನ್ನು ನಂಬಿದಳು. ಹೊಂಡದಲ್ಲಿ ಹೊರಳಿ, ಮಣ್ಣಿನ ಉಂಡೆಯಾಗಿ ಬಂದು ಕೊಂಬೆಯ ತುದಿಯಲ್ಲಿ ಕೂತಳು. ಕೊಂಬೆ ಬಾಗಿತು. ಅಜ್ಜಿ ಮುಟ್ಟಿ ನೋಡಿದಳು.

"ಇದೇನೇ, ರಾತ್ರಿ ಕಳೆಯೋದರೊಳಗೆ ನಡುಗಚ್ಚಿಗೆ ಇಳಿದುಬಿಟ್ಟೆ?"

"ಹೊಟ್ಟೆ ಬಿರಿಯೋ ಹಾಗೆ ಹುಲ್ಲು ತಿಂದೆ ಅಜ್ಜಿ."

ಸುಳ್ಳು ಹೇಳುವಾಗಲೂ ಅವಳ ಹಿಂಗಾಲು ಟಪಟಪ ಎನ್ನುತ್ತಿತ್ತು. ಬೂದಜ್ಜಿ ಕೊಂಬೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, ನರಿಯ ಪಟ ತೆಗೆದುಕೊಟ್ಟಳು. "ಮರಳಿನ ಮೇಲೆ ಮಾತ್ರ. ಗಾಳಿ ಏರ್ತಾ ಇದೆ. ನೀರಿನ ಸದ್ದು ಕೇಳಿದ್ರೆ ನೊರೆ ಎದ್ದಿರಬೇಕು. ಇವತ್ತು ಯಾರೂ ಇಳಿಯೋದು ಬೇಡ," ಎಂದು ಹೇಳಿ ಎಲೆ ಆರಿಸಲು ಮರ ಹತ್ತಿದಳು.

ಹವಳಿ ನೀರು ನೋಡಿದಳು. ನೊರೆ ಎದ್ದಿತ್ತು. ಹಕ್ಕಿಗಳು ಕೂಡ ಗೂಡು ಬಿಟ್ಟು ಹೊರಟಿರಲಿಲ್ಲ. ಆದರೆ ಕುದುರಿನ ಅಂಚಿನಲ್ಲಿ ಎರಡು ಕಿವಿಗಳು ಕಾಣುತ್ತಿದ್ದವು. ಆ ದಿನ ಅಮ್ಮ ಬೆಳಗ್ಗೆಯೇ ಬಂದು ನಿಂತಿದ್ದಳು. ಇನ್ನು ತಡೆಯಲಾಗಲಿಲ್ಲ. ಹವಳಿ ಬಳ್ಳಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ತೊಗಟೆಯನ್ನು ನೀರಿಗೆ ತಳ್ಳಿ ಹತ್ತಿದಳು. ಪಟ ಮೇಲೆತ್ತಿದಳು.

ಮೊದಲ ಕ್ಷಣ ಸ್ವರ್ಗವೇ ಸಿಕ್ಕಂತಾಯಿತು. ಸರ್ರ್! ತೊಗಟೆ ಕುದುರಿನ ಕಡೆಗೇ ಹಾರಿತು. "ಅಮ್ಮಾ, ಬಂದೆ!" ಎಂದು ಹವಳಿ ಕೂಗಿದಳು.

ಅಷ್ಟರಲ್ಲಿ ಅಲೆಯೊಂದು ಮೈಮೇಲೆ ಬಿತ್ತು. ಮೆತ್ತಿದ್ದ ಮಣ್ಣೆಲ್ಲ ಕರಗಿ ಹೋಯಿತು. ಉಳಿದದ್ದು ಒಂದು ಹಗುರ ಮೊಲ, ಮೇಲೊಂದು ನರಿಯ ಪಟ. ಗಾಳಿ ಒಮ್ಮೆ ಜೋರಾಗಿ ಬೀಸಿತು. ಹವಳಿ ತೊಗಟೆಯಿಂದ ಕಿತ್ತುಬಂದು ಗಾಳಿಯಲ್ಲಿ ಪಲ್ಟಿ ಹೊಡೆದು ನೀರಿಗೆ ಬಿದ್ದಳು. ಪಟ ನಿಲ್ಲಲಿಲ್ಲ. ಅವಳನ್ನು ಮುಳುಗಿಸುತ್ತಾ, ಎತ್ತುತ್ತಾ, ಕರಿಬಂಡೆಗಳ ಕಡೆ ದರದರನೆ ಎಳೆದುಕೊಂಡು ಹೊರಟಿತು.

ಹವಳಿಯ ಕೈ ತಾನಾಗಿಯೇ ಸೊಂಟದ ಕಡ್ಡಿಗೆ ಹೋಯಿತು. ಅಲ್ಲಿ ಕಡ್ಡಿ ಇರಲಿಲ್ಲ. ಗಂಟಿತ್ತು. ನೀರು ಕುಡಿದ ಗಂಟು ಇನ್ನಷ್ಟು ಬಿಗಿದಿತ್ತು. ಹವಳಿಗೆ ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವ ಹಲ್ಲು ಇರುವುದನ್ನು ನೆನಪಿಸಿತೋ ಏನೋ, ಬಗ್ಗಿ ಬಳ್ಳಿಯನ್ನು ಕಚ್ಚಿದಳು. ಮೂಗಿಗೆ ನೀರು ನುಗ್ಗಿತು. ಮತ್ತೆ ಕಚ್ಚಿದಳು. ತುಟಿ ಹರಿಯಿತು. ಬಂಡೆಗಳ ಮೇಲೆ ನರಿ ನಾಲಿಗೆ ಚಾಚಿ ನಿಂತಿದ್ದುದು ಕಂಡಿತು. ಆಗ ಅವಳಿಗೆ ಎಲ್ಲ ಅರ್ಥವಾಯಿತು. ಇನ್ನೊಮ್ಮೆ ಬಲವಾಗಿ ಕಚ್ಚಿದಳು. ಬಳ್ಳಿ ಟಪ್ಪನೆ ತುಂಡಾಯಿತು.

ಹವಳಿ ಜೊಂಡಿನ ನಡುವೆ ಬಿದ್ದು, ಕೆಮ್ಮುತ್ತಾ, ತೆವಳುತ್ತಾ ಮರಳಿಗೆ ಬಂದಳು. ಪಟ ಮಾತ್ರ ಬಂಡೆಗಳ ಕಡೆ ಹೋಯಿತು.

ಎದ್ದ ನೀರಿನ ಹನಿಗಳಲ್ಲಿ ಸೋಗಣ್ಣನಿಗೆ ಏನೂ ಸರಿಯಾಗಿ ಕಾಣಲಿಲ್ಲ. ಪಟ ಬಂತು ಅಂದರೆ ಊಟ ಬಂತು ಎಂದುಕೊಂಡ. ಹಾರಿ ಬಳ್ಳಿ ಹಿಡಿದ. ಜಾರದಿರಲೆಂದು ಮುಂಗಾಲಿಗೆ ಗಟ್ಟಿಯಾಗಿ ಸುತ್ತಿಕೊಂಡ. ನನ್ನದೇ ಅಳತೆಯ ಪಟ, ಇದೇನು ಮಾಡೀತು ಎಂಬ ಧೈರ್ಯ ಬೇರೆ! ಆ ಗಾಳಿಗೆ ಅವನೂ ಒಂದು ಅಳತೆ ಸಣ್ಣ ಪಟ ಹಿಡಿಯಬೇಕಿತ್ತು ಎಂಬುದು ಆ ಜಾಣನ ತಲೆಗೆ ಹೊಳೆಯಲೇ ಇಲ್ಲ.

ಗಾಳಿ ಬೀಸಿತು. ಸೋಗಣ್ಣನ ಕಾಲು ಬಂಡೆಯಿಂದ ಮೇಲೆದ್ದಿತು.

"ಬಿಡೋ! ಬಳ್ಳಿ ಬಿಡೋ!" ಮರದ ಮೇಲಿಂದ ಬೂದಜ್ಜಿ ಕೂಗಿದಳು. ಅವಳಿಗೆ ಕಂಡದ್ದು ಕಡಿಮೆ, ಆದರೆ ನರಿಯ ಊಳು ಕೇಳಿ ವಿಷಯ ತಿಳಿದಿತ್ತು.

ಸೋಗಣ್ಣನಿಗೂ ಮಾತು ಕೇಳಿಸಿತು. 'ಆಹಾ ಮುದುಕಿ! ಮೊಲವನ್ನು ಉಳಿಸಿಕೊಳ್ಳೋಕೆ ಈ ಉಪಾಯ,' ಎಂದುಕೊಂಡು ಬಳ್ಳಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡ. ಜನ್ಮದಲ್ಲಿ ಯಾರಿಗೂ ನೆಟ್ಟಗಿನ ಬುದ್ಧಿ ಹೇಳದವನು ನೆಟ್ಟಗಿನ ಮಾತನ್ನು ನಂಬುವುದಾದರೂ ಹೇಗೆ?

ಪಟ ಅವನನ್ನು ಬಂಡೆಯಿಂದ ಬಂಡೆಗೆ ಬಡಿದು, ಆಚೆಯ ಕೇದಗೆ ಮೆಳೆಯ ಮುಳ್ಳುಗಳ ನಡುವೆ ತಲೆಕೆಳಗಾಗಿ ಸಿಕ್ಕಿಸಿತು. ಗಾಳಿ ನಿಂತ ಮೇಲೆ ಅವನು ಇಳಿದ. ಮುಂಗಾಲು ಮುರಿದಿತ್ತು, ಮೈಯ ಕೂದಲೆಲ್ಲ ಮುಳ್ಳಿನ ಪಾಲಾಗಿತ್ತು. ಕುಂಟುತ್ತಾ ಕಾಡು ಬಿಟ್ಟುಹೋದವನು ಮತ್ತೆ ಆ ದಡಕ್ಕೆ ಮುಖ ತೋರಿಸಲಿಲ್ಲ.

ಇತ್ತ ಹವಳಿ ಅಜ್ಜಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅಜ್ಜಿ ಬೈಯಲಿಲ್ಲ. "ಕೊಂಬೆ ಮುಟ್ಟಿದೋಳು ನಿನ್ನ ಮೈಯನ್ನೂ ಒಮ್ಮೆ ಮುಟ್ಟಬೇಕಿತ್ತು," ಎಂದಷ್ಟೇ ಹೇಳಿದಳು.

"ಅಜ್ಜಿ, ಅಮ್ಮ ನೋಡಿರ್ತಾಳೆ. ನಾನು ಬಿದ್ದದ್ದು ನೋಡಿರ್ತಾಳೆ. ಈಗಲೇ ಹೋಗಬೇಕು. ಸಣ್ಣ ಪಟ ಕೊಡು, ಕಡ್ಡೀನೂ ಹಾಕ್ಕೋತೀನಿ!"

"ನೀರು ನೋಡು."

ಹವಳಿ ನೋಡಿದಳು. ಹೊಳೆಯ ತುಂಬ ಬಿಳಿ ನೊರೆ. ಅವಳು ಕಿವಿ ಎತ್ತಿ ನೆಗೆದಳು, ಕುಣಿದಳು, ಕೂಗಿದಳು. ಕುದುರಿನ ಅಂಚಿನಲ್ಲಿ ಯಾರೂ ಇರಲಿಲ್ಲ. ಕೂಗನ್ನು ಗಾಳಿ ಅಲ್ಲೇ ನುಂಗಿತು. ಆಮೇಲೆ ಹವಳಿ ಮರಳಿನ ಮೇಲೆ ಕೂತಳು. ಅಳುತ್ತಲೇ ಕೂತಳು. ಅವಳ ಬಾಳಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಆದರೂ ಕಾದಳು.

ಮರುದಿನ ಗಾಳಿ ಮೆತ್ತಗಾಯಿತು. ಹವಳಿ ಮೊಲದ ಪಟ ಹಿಡಿದಳು. ಕಡ್ಡಿಯನ್ನು ಒಮ್ಮೆ ಎಳೆದು ನೋಡಿ ಮತ್ತೆ ಸಿಕ್ಕಿಸಿದಳು. ಒಬ್ಬಳೇ ಹೋಗುವುದು ಬೇಡವೆಂದು ಗುಡ್ಡಣ್ಣ ಎಂಬ ಕಾಡುಹಂದಿ ತನ್ನ ಪಟ ಹಿಡಿದು ಪಕ್ಕದಲ್ಲೇ ಬಂದ. ಸಣ್ಣ ಪಟ ನಿಧಾನವಾಗಿ ಎಳೆಯಿತು. ಎರಡು ಸಲ ಬಿದ್ದಳು, ಎರಡು ಸಲವೂ ಎದ್ದಳು. ಕೊನೆಗೆ ತೊಗಟೆ ಕುದುರಿನ ಮರಳಿಗೆ ತಾಗಿತು.

ಅಮ್ಮ ಹವಳಿ ಬಂದ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ಅವಳ ಮುಖ ಕರಿಬಂಡೆಗಳ ಕಡೆಗಿತ್ತು. ಸುತ್ತ ಗರಿಕೆ ಹಾಗೇ ನಿಂತಿತ್ತು, ಒಂದೆಸಳೂ ಮುಟ್ಟಿರಲಿಲ್ಲ.

"ಅಮ್ಮಾ."

ಅಮ್ಮ ತಿರುಗಲಿಲ್ಲ. ಆ ದನಿ ರಾತ್ರಿಯೆಲ್ಲ ಅವಳ ಕಿವಿಯಲ್ಲಿ ಕೇಳುತ್ತಲೇ ಇತ್ತು.

"ಅಮ್ಮಾ, ನಾನೇ."

ಆಗ ತಿರುಗಿದಳು. ಹತ್ತಿರ ಬಂದು ಮೂಸಿದಳು, ಕಿವಿಯಿಂದ ಕಾಲಿನವರೆಗೆ. ಹರಿದ ತುಟಿ ನೋಡಿದಳು. ಫಟಾರನೆ ಕೆನ್ನೆಗೊಂದು ಕೊಟ್ಟಳು. ಮರುಕ್ಷಣ ಮಗಳನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು.

"ನೀನು ಪಲ್ಟಿ ಹೊಡೆದದ್ದು ನೋಡಿದೆ ಕಣೇ. ಆಮೇಲೆ ಬರೀ ಪಟ ಹೋಗೋದು ನೋಡಿದೆ. ಅದರ ಕೆಳಗೆ ನೀನಿರಲಿಲ್ಲ."

"ನಿನ್ನ ಹತ್ತಿರ ಬೇಗ ಬರಬೇಕು ಅಂತ ಅಮ್ಮ..."

"ಬೇಗ ಬರೋ ಮಗಳು ನನಗೆ ಬೇಡ," ಎಂದಳು ಅಮ್ಮ. "ಬರೋ ಮಗಳು ಬೇಕು."

ನೀತಿ: ಹೊಸದಾಗಿ ಕಲಿಯುವವರು ತಮ್ಮ ತೂಕಕ್ಕೂ ಅಂದಿನ ಗಾಳಿಗೂ ತಕ್ಕ ಪಟವನ್ನೇ ಹಿಡಿಯಬೇಕು, ಅವಸರಕ್ಕೆ ಅಳತೆ ತಪ್ಪಿಸಿದವರೂ ಅಳತೆ ತಪ್ಪಿಸಲು ಕಲಿಸಿದವರೂ ಅದರ ಫಲ ಉಣ್ಣದೆ ಇರರು.