ನಡುಗುವ ಮೈಗೆ ಕೌದಿ

ಗುರವ್ವ ಅಂತ ಒಬ್ಬಳಿದ್ದಳು, ಅವಳಿಗೆ ಮೀಸೆ ಬಂದ ಮಗನೊಬ್ಬನಿದ್ದ, ಕರಬಸ್ಯಾ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ನಗಬೇಡಿ, ಹೆತ್ತವಳಿಗೆ ಅದು ನಗುವ ಮಾತಲ್ಲ. ಗುರವ್ವನಿಗೆ ಕೆಮ್ಮು ಹತ್ತಿ ವರ್ಷವಾಗಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ಇವನಿಗೆ ಬುದ್ಧಿ ಬರಲಿ ಎಂದು ಮುಗಿಲಪ್ಪನ ಬೆಟ್ಟಕ್ಕೆ ಹರಕೆ ಹೊತ್ತಳು. ಬುದ್ಧಿ ಬೇಕಾದವನೇ ತನ್ನ ಗಂಟು ತಾನು ಹೊತ್ತು ತುದಿಯವರೆಗೆ ನಡೆಯಬೇಕು, ಅದು ಅಲ್ಲಿಯ ಕಟ್ಟಳೆ. ಊರಿಂದ ವರ್ಷಕ್ಕೊಮ್ಮೆ, ಎಂಟು ದಿನಕ್ಕೊಂದರಂತೆ ಮೂರೇ ಗುಂಪು ಹೊರಡುತ್ತಿದ್ದವು.

ಮೊದಲ ಗುಂಪು ಹೊರಟಿತು. ಗುರವ್ವ ಮಗನಿಗೆ ಹೇಳಿದಳು:

“ಬೆಟ್ಟದಾಗ ಚಳಿ ಭಾಳ. ಇದ್ದ ಅರಿವಿ ಎಲ್ಲಾ ಹಾಕ್ಕೊಂಡು ಹೋಗಪಾ!”

ಹಾಕಿಕೊಂಡ! ಮೂರು ಧೋತ್ರ ಉಟ್ಟ, ನಾಲ್ಕು ಅಂಗಿ ತೊಟ್ಟ, ಎರಡು ರುಮಾಲು ಸುತ್ತಿದ. ಮೇಲೆ ಅವ್ವ ಹಳೇ ಸೀರೆಗಳಿಂದ ಹೊಲಿದಿದ್ದ ಕೌದಿ ಹೊದ್ದ. ಬಿಸಿಲೇರಿತು. ಕೆರೆ ದಾಟುವಷ್ಟರಲ್ಲಿ ದೊಪ್ಪನೆ ಬಿದ್ದ. ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು.

“ಅಯ್ಯೋ ನನ್ನ ಹಣೇಬರಾ! ಅರಿವಿ ಮೈಮ್ಯಾಲೆ ಅಲ್ಲೋ, ಗಂಟಿನಾಗ ಇರಬೇಕು, ಗಂಟು ಹೆಗಲ ಮ್ಯಾಲೆ ಇರಬೇಕು!”

“ಆತಬೇ ಯವ್ವಾ.”

ಎರಡನೇ ಗುಂಪು ಹೊರಟಿತು. ಕಟ್ಟಿದ! ಧೋತ್ರ ಗಂಟಿಗೆ, ಅಂಗಿ ಗಂಟಿಗೆ, ಕೌದಿ ಗಂಟಿಗೆ. ಮೈಮೇಲೆ ಒಂದು ಲಂಗೋಟಿ. ಎರಡು ದಿನ ಗಾಳಿಯಲ್ಲಿ ಹಾಗೇ ನಡೆದ. ಜೊತೆಯವರು ಗಂಟಿಗೆ ಕೈ ಹಾಕಿದರೆ “ಅವ್ವ ಬೈತಾಳ!” ಎಂದು ಅದನ್ನು ಅಪ್ಪಿಕೊಂಡ. ಮೂರನೇ ದಿನ ಜ್ವರ. ಮತ್ತೆ ಚಕ್ಕಡಿ.

“ಗಂಟು ಬರೇ ಹೊರಾಕ ಅಲ್ಲೋ ಮಗನ! ಉಟ್ಟಿದ್ದು ಮೈಮ್ಯಾಲಿರಲಿ. ಗಂಟನ್ನ ಬೆಟ್ಟದ ತುದಿ ಕಾಣೋತನಕ ಬಿಚ್ಚಬ್ಯಾಡ. ಅಲ್ಲಿ ಬಿಚ್ಚು, ನಡುಗೋ ಮೈಗೆ ಹೊಚ್ಚು!”

“ಆತಬೇ ಯವ್ವಾ.”

ಅವನ ಜ್ವರ ಇಳಿಯಿತು, ಅವಳ ಕೆಮ್ಮು ಏರಿತು. ಕೊನೆಯ ಗುಂಪು ಹೊರಟಿತು. ಮನೆಯಲ್ಲಿದ್ದ ಆ ಒಂದೇ ಕೌದಿಯನ್ನು ಗುರವ್ವ ತಾನೇ ಅವನ ಗಂಟಿಗೆ ಕಟ್ಟಿದಳು. ನಸುಕಿನ ಇಬ್ಬನಿಯಲ್ಲಿ ಬಾಗಿಲಿಗೆ ಒರಗಿ ನಿಂತಳು.

“ಇದ ಕಡೀ ಗುಂಪು ನೋಡಪಾ. ತುದಿ ಮುಟ್ಟಿ ಬಾ.”

ಕರಬಸ್ಯಾ ತಿರುತಿರುಗಿ ಅವಳನ್ನು ನೋಡುತ್ತ ಹೋದ.

ಈ ಸಲ ಎಲ್ಲ ಸರಿಯಾಗಿ ಮಾಡಿದ. ಬೇಕಾದಷ್ಟೇ ಉಟ್ಟ, ಗಂಟು ಹೆಗಲಿಗೇರಿಸಿದ, ದಾರಿಯಲ್ಲಿ ಬಿಚ್ಚಲಿಲ್ಲ. ಐದನೇ ದಿನ ಬೆಟ್ಟದ ತುದಿ ಕಂಡಿತು. ಗಾಳಿ ಬೀಸಿತು. ಎಲ್ಲರೂ ತಮ್ಮ ತಮ್ಮ ಗಂಟು ಬಿಚ್ಚಿ ಹೊದ್ದುಕೊಂಡರು. ಕರಬಸ್ಯಾನೂ ಬಿಚ್ಚಿದ. ಕೌದಿ ಬಗಲಿಗಿಟ್ಟ, ತಿರುಗಿದ, ಇಳಿದೇಬಿಟ್ಟ!

“ಏ ಕರಬಸ್ಯಾ! ಇನ್ನ ನೂರ ಮೆಟ್ಟಿಲಾ ಅದಾವೋ!”

ಅವನು ನಿಲ್ಲಲಿಲ್ಲ.

ಹತ್ತನೇ ದಿನ, ಸುಡುವ ಮಧ್ಯಾಹ್ನ. ಗುರವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬೆವರು ತೊಟ್ಟಿಕ್ಕುತ್ತಿತ್ತು. ಹಿಂದಿನಿಂದ ಬಂದವನೇ ಅವಳ ತಲೆ ಮೇಲಿಂದ ಕೌದಿ ಹೊದಿಸಿದ.

“ಯಾರದು? ಕರಬಸ್ಯಾ! ತುದಿ ಮುಟ್ಟಿದ್ಯೇನೋ?”

“ಇಲ್ಲಬೇ. ತುದಿ ಕಂಡಿತು, ಗಂಟು ಬಿಚ್ಚಿದೆ. ನಾ ಹೊಂಟ ದಿನ ನೀ ಬಾಗಿಲಾಗ ನಡುಗಾಕತ್ತಿದ್ದಿ. ನಡುಗೋ ಮೈಗೆ ಹೊಚ್ಚು ಅಂತ ನೀನ ಹೇಳಿದ್ದಿಯಲ್ಲ?”

“ನಿನಗ ಚಳಿ ಆಗಲಿಲ್ಲೇನೋ?”

“ಆತು. ಮೊದಲ ನಡುಗಿದಾಕಿ ನೀನು.”

ಗುರವ್ವ ಬೈಯಬೇಕೆಂದು ಅವನತ್ತ ತಿರುಗಿದಳು. ಹರಕೆ ಹೋಯಿತು, ಬುದ್ಧಿ ಬರಲಿಲ್ಲ, ಹಂಚಿನ ಮೇಲೆ ರೊಟ್ಟಿ ಸೀದಿತು. ಆ ಬೇಗೆಯಲ್ಲೂ ಅವಳು ಕೌದಿ ತೆಗೆಯಲಿಲ್ಲ. ಅದರೊಳಗೇ ಬಿಕ್ಕಿಬಿಕ್ಕಿ ಅತ್ತಳು, ಮೈಯೆಲ್ಲ ಅಲುಗಿತು.

“ಇನ್ನೂ ನಡುಗತೀಯಲ್ಲಬೇ!” ಎಂದು ಕರಬಸ್ಯಾ ತನ್ನ ಮೈಮೇಲಿನ ಅಂಗಿಯನ್ನೂ ಬಿಚ್ಚಿ ಅವಳಿಗೆ ಹೊದಿಸಿದ.