ಖಾಲಿ ಉಗ್ರಾಣದ ಕಾವಲು

"ಗುರುಗಳೇ, ಪ್ರೋಗ್ರಾಮ್ ಓಡುತ್ತಿರುವಾಗ ಯಾರಿಗೂ ಬೇಡವಾದ ವಸ್ತುವನ್ನು ಕಂಪ್ಯೂಟರಿನ ನೆನಪಿನಿಂದ ಗುಡಿಸಿ ಹಾಕುವುದು ಸರಿ. ಆದರೆ ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡಿದ್ದರೂ ಎರಡನ್ನೂ ಕಸವೆಂದು ಎಸೆಯುವುದು ಯಾವ ನ್ಯಾಯ? ಒಂದಕ್ಕೆ ಇನ್ನೊಂದು ಬೇಕಾಗಿದೆಯಲ್ಲ!" ಎಂದು ಶಿಷ್ಯ ಕೇಳಿದ. ಕೇಳಿದ ಎನ್ನುವುದಕ್ಕಿಂತ ಜಗಳಕ್ಕೇ ನಿಂತ.

ಗುರು ಈ ಕತೆ ಹೇಳಿದರು.

ಒಂದು ಊರಿಗೆ ನೀರಿರಲಿಲ್ಲ. ಮಳೆಗಾಲಕ್ಕೆ ಮೊದಲು ಕೆರೆ ತೋಡಿ ಮುಗಿಸಬೇಕೆಂದು ಜನ ಹಗಲೆಲ್ಲ ಅಗೆಯುತ್ತಿದ್ದರು. ಕೆಲಸದವರಿಗೆ ಪಕ್ಕದ ದಿಬ್ಬದ ಮೇಲೆ ಗುಡಿಸಲುಗಳಿದ್ದವು. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರಾದರೂ ಒಬ್ಬರು 'ಇವನು ನನಗೆ ಬೇಕು' ಎಂದರೆ ಸಾಕು, ಅವನ ಗುಡಿಸಲನ್ನು ಮುಟ್ಟುವಂತಿಲ್ಲ.

ಅಲ್ಲೊಬ್ಬ ಕಾವಲುಗಾರ ಉಗ್ರಾಣ ಕಾಯುತ್ತಿದ್ದ. ಉಗ್ರಾಣದವನು ಅವನಿಗೆ ರಾಗಿ ಅಳೆದು ಕೊಡುತ್ತಿದ್ದ. ಹಿಂದೆ ಅಲ್ಲಿ ಕೆರೆಯ ತೂಬು ಕಟ್ಟುವ ಸುಣ್ಣ ತುಂಬಿತ್ತು. ತೂಬು ಮುಗಿಯಿತು, ಸುಣ್ಣವೂ ಮುಗಿಯಿತು. ಈಗ ಒಳಗಿದ್ದದ್ದು ಇವರಿಬ್ಬರು ಉಣ್ಣುವ ರಾಗಿ ಮಾತ್ರ. ಆ ರಾಗಿಯನ್ನೇ ಕಾವಲುಗಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಕಳ್ಳತನ ಗೊತ್ತಿಲ್ಲದ ಮನುಷ್ಯ, ಪಾಪ.

ಕೆಲಸ ಹಿಂದೆ ಬಿತ್ತು. ಪಕ್ಕದೂರಿನಿಂದ ಅಗೆಯುವವರನ್ನು ಕರೆಸೋಣವೆಂದರೆ ಉಳಿಯಲು ಜಾಗವಿರಲಿಲ್ಲ. ಮೇಸ್ತ್ರಿ ಒಂದೊಂದೇ ಗುಡಿಸಲಿಗೆ ಹೋಗಿ, 'ನೀನು ಯಾರಿಗೆ ಬೇಕು?' ಎಂದು ಕೇಳಿದ. ಎಲ್ಲರೂ ಯಾರಿಗಾದರೂ ಬೇಕಾಗಿದ್ದರು. ಮೇಸ್ತ್ರಿ ತಲೆ ಕೆರೆದುಕೊಂಡು ಬರಿಗೈಯಲ್ಲಿ ಹಿಂದಿರುಗಿದ.

ಅವನ ನಂತರ ಬಂದ ಮೇಸ್ತ್ರಿ ಗುಡಿಸಲುಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೆರೆಗೆ ಇಳಿದು, ಅಗೆಯುವವನನ್ನು 'ನಿನಗೆ ಯಾರು ಬೇಕು?' ಎಂದು ಕೇಳಿದ. ಅವನು ಗುದ್ದಲಿ ಹರಿತ ಮಾಡಿಕೊಡುವ ಕಮ್ಮಾರನನ್ನು ಹೇಳಿದ. ಕಮ್ಮಾರ ಇದ್ದಿಲು ಸುಡುವವನನ್ನು ಹೇಳಿದ. ಹೀಗೆ ಹೆಸರು ಬಂದವರ ಬಾಗಿಲಿಗೆಲ್ಲ ಮೇಸ್ತ್ರಿ ಕೆಮ್ಮಣ್ಣಿನ ಬೊಟ್ಟು ಇಡುತ್ತ ಹೋದ. ಹೊಸ ಹೆಸರು ಬರುವುದು ನಿಂತಾಗ ಬೊಟ್ಟಿಲ್ಲದ ಬಾಗಿಲುಗಳು ಎರಡು ಉಳಿದಿದ್ದವು: ಕಾವಲುಗಾರನದು, ಉಗ್ರಾಣದವನದು.

ಕಾವಲುಗಾರ ದೊಣ್ಣೆ ಅಡ್ಡ ಹಿಡಿದು ನಿಂತ.

"ಅವನಿಗೆ ನಾನು ಬೇಕು, ನಂಗೆ ಅವನು ಬೇಕು. ಇದರಲ್ಲಿ ಸುಳ್ಳೇನಿದೆ ಹೇಳು! ಗುಡಿಸಲು ಮುಟ್ಟಿದರೆ ಸುಮ್ಮನಿರೋನಲ್ಲ ನಾನು."

"ಸುಳ್ಳು ಅಂತ ನಾನೂ ಅನ್ನಲ್ಲಪ್ಪ. ಕೆರೆಯಿಂದ ಹೊರಟು ನಿನ್ನ ಬಾಗಿಲಿಗೆ ಬರೋ ಒಂದು ದಾರಿ ತೋರಿಸು. ಈ ಕೈಯಿಂದಲೇ ಬೊಟ್ಟಿಡ್ತೀನಿ," ಎಂದ ಮೇಸ್ತ್ರಿ.

ಕಾವಲುಗಾರ ಹಟ ಹಿಡಿದು ಕೆರೆಗೆ ಇಳಿದ. ಒಬ್ಬೊಬ್ಬರನ್ನೂ ತಡೆದು, 'ನಿನಗೆ ನಾನು ಬೇಕೇ?' ಎಂದು ಕೇಳಿದ. ಯಾರೂ ಹೀಯಾಳಿಸಲಿಲ್ಲ. ಉಗ್ರಾಣ ಇನ್ನೂ ಇದೆಯೇ ಎಂದು ಒಬ್ಬ ಅಚ್ಚರಿಪಟ್ಟ, ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ದಿಬ್ಬಕ್ಕೆ ಮರಳಿದವನು ತನ್ನ ಗುಡಿಸಲನ್ನು ತಾನೇ ಕೆಡವಿದ. ಅದನ್ನು ಬೇರೆಯವರ ಕೈಗೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಉಗ್ರಾಣದವನನ್ನು ಜೊತೆಗೆ ಕರೆದುಕೊಂಡು, ತಲೆ ತಗ್ಗಿಸದೆ ಊರು ಬಿಟ್ಟ. ಮರುದಿನ ಆ ಜಾಗದಲ್ಲಿ ಪಕ್ಕದೂರಿನ ಅಗೆಯುವವರು ಬಿಡಾರ ಹೂಡಿದರು.

ಶಿಷ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. "ಕೆರೆಯಿಂದಲೇ, ಓಡುತ್ತಿರುವ ಪ್ರೋಗ್ರಾಮಿನಿಂದಲೇ ಹುಡುಕಾಟ ಶುರುವಾಗಬೇಕೆಂದು ಯಾರು ಹೇಳಿದರು? ಕಾವಲುಗಾರನ ಬಾಗಿಲಿನಿಂದ ಶುರು ಮಾಡಿದ್ದರೆ ಅವನೂ ಉಳಿಯುತ್ತಿದ್ದನಲ್ಲ!" ಎಂದು ಎದೆ ಸೆಟೆಸಿ ಸವಾಲು ಹಾಕಿದ.

ಗುರು ಹೇಳಿದರು: "ಕೆರೆಯಿಂದಲೇ ಏಕೆ ಎಂದು ಬಾಯಾರಿದವನು ಕೇಳುವುದಿಲ್ಲ."